ವ್ರತ ನನ್ನದು, ಡಬ್ಬಿ ಶ್ರೀನಿವಾಸನದು

ಪಾಪ ಮಾಡುವುದು ಅಷ್ಟೇನೂ ಕಷ್ಟವಲ್ಲ, ಅದನ್ನು ಪರಿಚಯದವರ ಮುಂದೆ ಹೇಳಿಕೊಳ್ಳುವುದು ಕಷ್ಟ. ಆದರೆ ನಾವು ಕಥೋಲಿಕರು, ಹೇಳಿಕೊಳ್ಳದೆ ವಿಧಿಯಿಲ್ಲ. ಚಿಕ್ಕಂದಿನಲ್ಲಿ ಮೈಸೂರಿನ ನಮ್ಮ ಚರ್ಚಿನಲ್ಲಿ ಪಾಪನಿವೇದನೆ ಕೇಳುತ್ತಿದ್ದ ಸ್ವಾಮಿಗಳಿಗೆ ಕಿವಿ ಮಂದವಾಗಿತ್ತು. "ಏನಂದೆ? ಜೋರಾಗಿ ಹೇಳು" ಎಂದು ಅವರು ಗದರಿದರೆ, ಹಿಂದೆ ಸಾಲಿನಲ್ಲಿದ್ದ ಅಮ್ಮನಿಗೆ ಚಕ್ಕುಲಿ ಡಬ್ಬ ಖಾಲಿ ಮಾಡಿದವನು ಯಾರೆಂಬುದು ಅಲ್ಲೇ ತಿಳಿದುಬಿಡುತ್ತಿತ್ತು. ಕ್ಷಮೆ ದೇವರಿಂದ ಸಿಗುತ್ತಿತ್ತು, ಏಟು ಅಮ್ಮನಿಂದ.

ಇಂಥ ನಾನು ಸಿಡ್ನಿಗೆ ಬಂದು, ಕ್ವೇಕರ್ಸ್ ಹಿಲ್‌ನಲ್ಲಿ ಮನೆ ಮಾಡಿ, ಒಂದು ವರ್ಷ ಬೂದಿ ಬುಧವಾರದಂದು ಹಣೆಯ ಮೇಲೆ ಬೂದಿ ಇನ್ನೂ ಅಳಿಸದ ಹುಮ್ಮಸ್ಸಿನಲ್ಲಿ ಹೆಂಡತಿ ಸ್ಟೆಲ್ಲಾಳ ಮುಂದೆ ಘೋಷಿಸಿಬಿಟ್ಟೆ: ಈಸ್ಟರ್‌ವರೆಗೆ ತಪಸ್ಸು ಕಾಲದ ನಲವತ್ತು ದಿನ ಮಾಂಸ ಮುಟ್ಟುವುದಿಲ್ಲ, ನಮ್ಮಪ್ಪ ಜೀವನವಿಡೀ ಹೀಗೆಯೇ ಮಾಡಿದ್ದರು ಎಂದು. ಸ್ಟೆಲ್ಲಾಳ ಕಣ್ಣು ಒದ್ದೆಯಾಯಿತು. "ಹಾಗಾದ್ರೆ ನಾವೂ ಮುಟ್ಟಲ್ಲ ರೀ" ಎಂದಳು. ಎಂಟು ವರ್ಷದ ಮಗಳು ರೀಟಾ ಗಾಬರಿಯಿಂದ, "ಈವನ್ ನಗೆಟ್ಸ್?" ಎಂದು ಕೇಳಿದಳು. ನಗೆಟ್ಸ್ ಕೂಡ ಇಲ್ಲ ಎಂದು ತೀರ್ಮಾನವಾಯಿತು. ಮರುದಿನದಿಂದ ಸ್ಟೆಲ್ಲಾ ತನ್ನ ಕೆಲಸಕ್ಕೆ ಹೊರಡುವ ಮೊದಲೇ ಎದ್ದು ನನಗಾಗಿ ಪಲ್ಯ, ಚಪಾತಿ ಮಾಡಿ ಡಬ್ಬಿಗೆ ಹಾಕತೊಡಗಿದಳು.

ನನ್ನ ವ್ರತ ಮುಂದಿನ ಮಂಗಳವಾರದವರೆಗೆ ಬದುಕಿತ್ತು. ಮ್ಯಾಕ್ವೆರಿ ಪಾರ್ಕ್‌ನ ನಮ್ಮ ಆಫೀಸಿನ ಕೆಳಗೇ ಒಂದು ಪೈ ಅಂಗಡಿ. ಒಳಗೆ ಬೆಂದ ಕುರಿಮಾಂಸ, ಮೇಲೆ ಗರಿಗರಿ ಹೊದಿಕೆ. ಅದರ ವಾಸನೆ ಲಿಫ್ಟ್ ಹತ್ತಿ ನನ್ನ ಮೇಜಿನವರೆಗೂ ಬರುತ್ತಿತ್ತು. ಪಕ್ಕದಲ್ಲಿ ಕೂರುವ ಶ್ರೀನಿವಾಸ ನಮ್ಮ ಮೈಸೂರಿನವನೇ, ಅಪ್ಪಟ ಸಸ್ಯಾಹಾರಿ. ಹೆಂಡತಿ ಬಾಣಂತನಕ್ಕೆ ಊರಿಗೆ ಹೋಗಿದ್ದರಿಂದ ಬಾಳೆಹಣ್ಣು ತಿಂದು ದಿನ ದೂಡುತ್ತಿದ್ದ. ಅಂದು ನನ್ನ ಡಬ್ಬಿಯತ್ತ ನೋಡಿ, "ರೀ ಅಂತೋಣಿ, ಅದು ಹುರುಳಿಕಾಯಿ ಪಲ್ಯನಾ?" ಎಂದ. ಅವನ ದನಿ ಕೇಳಿ ನನ್ನ ಕರುಣೆ ಉಕ್ಕಿತು. ಹಸಿದವರಿಗೆ ಅನ್ನ ಕೊಡುವುದು ತಪಸ್ಸು ಕಾಲದ ಮುಖ್ಯ ಕರ್ತವ್ಯವಲ್ಲವೇ? ಡಬ್ಬಿಯನ್ನು ಅವನತ್ತ ತಳ್ಳಿ ಲಿಫ್ಟ್ ಇಳಿದೆ. ಹೀಗೆ ಮೂರು ವಾರ ನನ್ನ ಪರೋಪಕಾರ ನಡೆಯಿತು.

ತೊಂದರೆಯಾದದ್ದು ಸಂಜೆಯ ಜಪಸರದ ಪ್ರಾರ್ಥನೆಯಲ್ಲಿ. ಪ್ರತಿದಿನ ಕೊನೆಯಲ್ಲಿ ಸ್ಟೆಲ್ಲಾ, "ಮಾತೆ ಮರಿಯಮ್ಮ, ಇವರ ವ್ರತಕ್ಕೆ ಶಕ್ತಿ ಕೊಡಿ" ಎಂದು ಬೇಡುವಳು. ನಾನು "ಆಮೆನ್" ಎನ್ನುವ ಬದಲು ಕೆಮ್ಮಿಬಿಡುತ್ತಿದ್ದೆ. ಪಾಪನಿವೇದನೆಯಲ್ಲಿ ಹೇಳಿಕೊಳ್ಳೋಣವೆಂದರೆ ಇಲ್ಲಿಯ ನಮ್ಮ ಚರ್ಚಿನ ಫಾದರ್‌ಗೆ ನನ್ನ ದನಿ ಚೆನ್ನಾಗಿ ಗೊತ್ತು, ಭಾನುವಾರದ ಪೂಜೆಯಲ್ಲಿ ಬೈಬಲ್ ವಾಚನ ಓದುವವನು ನಾನೇ. ಸಾಲದ್ದಕ್ಕೆ ಸ್ಟೆಲ್ಲಾಳ ಬಾಯಿಂದ ನನ್ನ ವ್ರತದ ಸುದ್ದಿ ಕೇಳಿ ಅವರು ನನ್ನ ಬೆನ್ನು ಬೇರೆ ತಟ್ಟಿದ್ದರು. ಅಷ್ಟರಲ್ಲಿ ಆಫೀಸಿನವರು ಒಂದು ಆಸ್ಪತ್ರೆಯ ಕಂಪ್ಯೂಟರ್ ಕೆಲಸಕ್ಕೆಂದು ನನ್ನನ್ನು ಮೆಲ್ಬರ್ನ್‌ನ ಕ್ಲೇಟನ್‌ಗೆ ಕಳಿಸಿದರು. ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ, ಅಲ್ಲಿಯ ಚರ್ಚು ಹುಡುಕಿ, ಗುರುತಿಲ್ಲದ ಫಾದರ್ ಒಬ್ಬರ ಮುಂದೆ ಸಂತೋಷವಾಗಿ ಮಂಡಿಯೂರಿದೆ.

"ತಪಸ್ಸು ಕಾಲದಲ್ಲಿ ಮಾಂಸ ತಿಂದೆ, ಫಾದರ್."

"ಯಾವ ದಿನ?"

"ಎಲ್ಲಾ ದಿನ."

ನಮ್ಮಿಬ್ಬರ ನಡುವಿನ ಜಾಲರಿಯ ಆಚೆ ನಕ್ಕಂತಾಯಿತು. ಈ ದೇಶದಲ್ಲಿ ಬೂದಿ ಬುಧವಾರ, ಶುಭ ಶುಕ್ರವಾರ ಎರಡು ದಿನ ಬಿಟ್ಟರೆ ಸಾಕು, ಉಳಿದದ್ದು ಅವರವರ ಭಕ್ತಿ ಎಂದರು. ಊರಿನಿಂದ ತಂದ ಡಿಗ್ರಿಯ ಹಾಗೆ ಊರಿನಿಂದ ತಂದ ಪಾಪಕ್ಕೂ ಇಲ್ಲಿ ಮಾನ್ಯತೆ ಇಲ್ಲವೆಂದು ಹಿಗ್ಗಿ, ಅದೇ ಖುಷಿಯಲ್ಲಿ ಡಬ್ಬಿಯ ವಿಷಯವನ್ನೂ ಬಾಯಿಬಿಟ್ಟೆ.

"ಅದು ಪಾಪ" ಎಂದರು ಫಾದರ್. "ಮನೆಗೆ ಹೋಗಿ ಹೆಂಡತಿಗೆ ನಿಜ ಹೇಳು. ಅದೇ ನಿನ್ನ ಪ್ರಾಯಶ್ಚಿತ್ತ."

"ಬದಲಿಗೆ ಐದು ಜಪಸರ ಹೇಳಲಾ, ಫಾದರ್? ಬೇಕಾದರೆ ಹತ್ತು?"

"ಹೆಂಡತಿಗೆ ಹೇಳು" ಎಂದು ಅವರು ಕಿಟಕಿ ಮುಚ್ಚಿದರು.

ಭಾನುವಾರ ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಸ್ಟೆಲ್ಲಾಳ ಮುಂದೆ ನಿಂತು ಎಲ್ಲಾ ಹೇಳಿದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಚಾಕು ಕೆಳಗಿಟ್ಟಳು.

"ದಿನಾ ಅವರೇ ತಿಂದ್ರಾ?"

"ಹೂಂ."

"ಏನಂದ್ರು?"

"ಕೊನೇ ಚೂರು ಚಪಾತಿಯಲ್ಲಿ ಡಬ್ಬಿ ಒರೆಸಿಕೊಂಡು ತಿಂತಾನೆ. ಇಂಥ ಪಲ್ಯ ಊರಲ್ಲೂ ತಿಂದಿಲ್ಲ ಅಂತಾನೆ."

ಅವಳು ನಾರಿನ ಚೂರುಗಳನ್ನು ಒಟ್ಟುಮಾಡಿ ಬುಟ್ಟಿಗೆ ಹಾಕಿದಳು. ಆಮೇಲೆ, "ಮದುವೆಯಾಗಿ ಹನ್ನೊಂದು ವರ್ಷ ಆಯ್ತು. ನೀವು ಒಂದ್ಸಲನಾದ್ರೂ ಹಾಗಂದಿದ್ದೀರಾ?" ಎಂದು ಕೇಳಿದಳು. ನಾನು ಸಿದ್ಧಪಡಿಸಿಕೊಂಡು ಬಂದಿದ್ದ ಉತ್ತರಗಳೆಲ್ಲ ಕುರಿಮಾಂಸದ ಬಗ್ಗೆ. ಹತ್ತು ಆಜ್ಞೆಗಳಲ್ಲಿ ಇದು ಯಾವುದರ ಕೆಳಗೆ ಬರುತ್ತದೋ ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಅಂದು ನನಗೆ ನಿಜವಾಗಿ ನಾಚಿಕೆಯಾದದ್ದು ಅದಕ್ಕೇ.

ಈಸ್ಟರ್ ಊಟಕ್ಕೆ ಸ್ಟೆಲ್ಲಾ ಶ್ರೀನಿವಾಸನನ್ನು ಕರೆದಳು. ಅತಿಥಿಯ ಗೌರವಾರ್ಥ ಬಿರಿಯಾನಿ ರದ್ದಾಯಿತು. ತಿಳಿಸಾರು, ಕೋಸಂಬರಿ, ಪಾಯಸ, ನಡುವೆ ದೊಡ್ಡ ಬೋಗುಣಿಯಲ್ಲಿ ಆ ಪಲ್ಯ. ರೀಟಾ ನನ್ನನ್ನು ನೋಡಿದ ನೋಟ ಮರೆಯುವಂಥದ್ದಲ್ಲ. ತಲೆ ತಗ್ಗಿಸಿ ಒಂದು ತುತ್ತು ಬಾಯಿಗಿಟ್ಟೆ. ಕಾಯಿತುರಿ, ಸಾಸಿವೆ, ಹದವಾಗಿ ಬೆಂದ ಹುರುಳಿಕಾಯಿ. ಅಯ್ಯೋ, ನಿಜಕ್ಕೂ ಚೆನ್ನಾಗಿತ್ತು!

"ಸ್ಟೆಲ್ಲಾ, ಪಲ್ಯ ತುಂಬಾ ಚೆನ್ನಾಗಿದೆ ಕಣೇ" ಎಂದೆ, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ಅಂತಃಕರಣಪೂರ್ವಕವಾಗಿ.

ಅವಳು ನನ್ನ ಮುಖವನ್ನೊಮ್ಮೆ ನೋಡಿ, ಆಚೆ ತಿರುಗಿ ಕೇಳಿದಳು: "ಹೌದಾ, ಶ್ರೀನಿವಾಸ್ ಅವರೇ?"