ಇಪ್ಪತ್ತು ಸೆಂಟಿನ ನಾಣ್ಯದಲ್ಲಿ ಈಜುತ್ತಿರುವ ಪ್ಲಾಟಿಪಸ್ ಅವರ ಸನ್ನಿಧಾನಕ್ಕೆ

ಮಾನ್ಯರೇ,

ತಮ್ಮ ಚಪ್ಪಟೆ ಕೊಕ್ಕಿಗೂ, ನುಣುಪಾದ ತುಪ್ಪಳಕ್ಕೂ, ಅರವತ್ತು ವರ್ಷಗಳಿಂದ ಒಂದಿಂಚೂ ಮುಂದೆ ಹೋಗದಿದ್ದರೂ ಈಜುವುದನ್ನು ಬಿಡದ ತಮ್ಮ ಛಲಕ್ಕೂ ಬರ್ರಾಡೂನ್ ಎಂಬ ಸಣ್ಣ ಊರಿನಿಂದ ಮೆರ್ಲ್ ಕ್ವಿಗ್ಲಿ ಎಂಬ ಎಪ್ಪತ್ತೊಂಬತ್ತು ವರ್ಷದ ಮುದುಕಿ ಮಾಡುವ ಅನಂತ ವಂದನೆಗಳು. ನಾವು ಇಲ್ಲಿ ಕ್ಷೇಮ. ತಾವು ಜೇಬುಗಳಲ್ಲಿ, ಕಾರಿನ ಸೀಟಿನ ಸಂದುಗಳಲ್ಲಿ ಕ್ಷೇಮವೆಂದು ನಂಬಿದ್ದೇನೆ.

ಮೊಟ್ಟೆಯನ್ನೂ ಇಟ್ಟು ಹಾಲನ್ನೂ ಕುಡಿಸುವ ತಮ್ಮ ಘನತೆಯನ್ನು ನಾನು ಹೊಗಳಿ ಮುಗಿಸಲಾರೆ. ತಮ್ಮ ಚರ್ಮವನ್ನು ಮೊದಲ ಸಲ ಕಂಡ ಸಮುದ್ರದಾಚೆಯ ಪಂಡಿತರು, ಯಾರೋ ಬಾತುಕೋಳಿಯ ಕೊಕ್ಕನ್ನು ತಂದು ಹೊಲಿದಿದ್ದಾರೆಂದು ದಾರ ಹುಡುಕಿದರಂತೆ. ತಾವೇ ಒಂದು ಗಾಳಿಸುದ್ದಿಯ ಹಾಗಿರುವಾಗ ತಮ್ಮ ಬೆನ್ನ ಹಿಂದೆ ಗಾಳಿಸುದ್ದಿಗಳು ಹುಟ್ಟುವುದರಲ್ಲಿ ಆಶ್ಚರ್ಯವೇನಿದೆ? ತಮ್ಮ ಸುತ್ತಲಿನ ಅಲೆಗಳನ್ನು ಎಣಿಸಿದಾಗ ಒಂದು ಹೆಚ್ಚಾಗಿ ಬಂದರೆ ಆ ನಾಣ್ಯಕ್ಕೆ ಹೊಸ ಕಾರು ಸಿಗುತ್ತದೆಂಬ ಮಾತು ಕೇಳಿ, ನಮ್ಮ ಬೇಕರಿಯ ಹಾನ್ ಎರಡು ವಾರ ಭೂತಗನ್ನಡಿ ಹಿಡಿದುಕೊಂಡೇ ಮಾಂಸದ ಪೈ ಮಾರಿದಳು. ಅದನ್ನೆಲ್ಲ ನಾನು ಮನಸ್ಸಿಗೆ ಹಚ್ಚಿಕೊಳ್ಳುವವಳಲ್ಲ. ನನ್ನ ದೂರು ಒಂದೇ ಒಂದು, ಮತ್ತು ಅದು ನನ್ನ ಮನೆಯಲ್ಲೇ ಹುಟ್ಟಿದ್ದು.

ನನ್ನ ಗಂಡ ಕ್ಲ್ಯಾರಿ, ಅವನ ಆತ್ಮಕ್ಕೆ ಶಾಂತಿ ಸಿಗಲಿ, ರೈಲು ಬಿಡುವುದರಲ್ಲಿ ನಿಸ್ಸೀಮ. ಎಪ್ಪತ್ತೊಂದನೇ ಇಸವಿಯಲ್ಲಿ ಪಬ್ಬಿಗೆ ಬಂದ, ಕಾರವಾನಿನ ಮನೆಗಾಡಿಯಲ್ಲಿ ಊರೂರು ಸುತ್ತುವ ದಂಪತಿ "ನಿಮ್ಮೂರಲ್ಲಿ ನೋಡೋ ಅಂಥದ್ದು ಏನಿದೆ?" ಎಂದು ಕೇಳಿದರು. ನೋಡುವಂಥದ್ದು ಏನೂ ಇರಲಿಲ್ಲ. ಕ್ಲ್ಯಾರಿಗೆ ಊರಿನ ಪರವಾಗಿ ನಾಚಿಕೆಯಾಗಿರಬೇಕು, ಚಿಲ್ಲರೆಯಲ್ಲಿದ್ದ ತಮ್ಮನ್ನು ಎತ್ತಿ ಹಿಡಿದು, "ಈ ಚಿತ್ರ ಬರೆದವನು ನನ್ನ ದೋಣಿಲೇ ಕೂತು ಬರೆದಿದ್ದು ಸ್ವಾಮಿ, ಇಲ್ಲೇ ನಮ್ಮ ಸೇತುವೆ ಕೆಳಗಿನ ಮಡುವಲ್ಲಿ" ಎಂದುಬಿಟ್ಟ. ಅವರು ಮೂರು ದಿನ ಉಳಿದರು. ಮುಂದಿನ ತಿಂಗಳು ಒಂದು ಬಸ್ಸು ಬಂತು. ಈಗ ಊರಿನ ಬಾಗಿಲಲ್ಲಿ 'ಇಪ್ಪತ್ತು ಸೆಂಟಿನ ತವರು' ಎಂಬ ಫಲಕವೇ ಇದೆ.

ಫಲಕವಾದರೆ ಸಹಿಸಬಹುದಿತ್ತು. ಆದರೆ ಈ ದೇಶದಲ್ಲಿ ಹೆದ್ದಾರಿ ಪಕ್ಕದ ಊರೆಂದರೆ ಏನಾದರೊಂದು ದೈತ್ಯ ವಸ್ತು ಇರಲೇಬೇಕೆಂಬುದು ತಮಗೂ ಗೊತ್ತು. ಪಕ್ಕದೂರಿನವರು ಎರಡಾಳೆತ್ತರದ ಕುಂಬಳಕಾಯಿ ನಿಲ್ಲಿಸಿದ ದಿನದಿಂದ, ನಮ್ಮ ಪ್ರಗತಿ ಸಮಿತಿಯ ಅಧ್ಯಕ್ಷ, ದನದ ಮೇವಿನ ಅಂಗಡಿಯ ಬೆವನ್ ಟ್ರೆಲೋರ್‌ಗೆ ಊಟ ಸೇರುತ್ತಿಲ್ಲ. ಅದಕ್ಕೇ ಎಂಟು ಮೀಟರ್ ಎತ್ತರದ ಕಾಂಕ್ರೀಟ್ ನಾಣ್ಯ, ಅದರ ಮುಂದೆ ಬಸ್ಸು ನಿಲ್ಲುವ ಜಾಗ, ಸುತ್ತ ದೀಪದ ಕಂಬ, ಎಲ್ಲವೂ ಸೇತುವೆಯ ಕೆಳಗಿನ ಮಡುವಿನ ದಡದಲ್ಲೇ ಎಂದು ತೀರ್ಮಾನವಾಯಿತು.

ಮಾನ್ಯರೇ, ಆ ದಡದಲ್ಲಿ ಒಂದು ಬಿಲವಿದೆ. ಕ್ಲ್ಯಾರಿ ಹೋದಮೇಲೆ ಪ್ರತಿ ಸಂಜೆ ಅವನ ಬೋರಲು ದೋಣಿಯ ಮೇಲೆ ಚಹಾದ ಫ್ಲಾಸ್ಕ್ ಇಟ್ಟುಕೊಂಡು ಉಸಿರು ಬಿಗಿಹಿಡಿದು ಕೂರುವವಳು ನಾನೊಬ್ಬಳೇ, ಆದ್ದರಿಂದ ನನಗೊಬ್ಬಳಿಗೇ ಗೊತ್ತು. ಈ ಆಗಸ್ಟಿನಲ್ಲಿ ತಮ್ಮ ಬಳಗದ ಒಬ್ಬಾಕೆ ಒದ್ದೆ ಎಲೆಗಳನ್ನು ಬಾಲದಲ್ಲಿ ಸುತ್ತಿಕೊಂಡು ಒಳಗೆ ಸಾಗಿಸುತ್ತಿದ್ದಳು. ಬಾಣಂತಿಕೋಣೆ ಸಿದ್ಧವಾಗುತ್ತಿತ್ತು. ತಮ್ಮ ಗೌರವಾರ್ಥ ಬರುವ ಬುಲ್ಡೋಜರ್ ಮೊದಲು ಅಗೆಯುವುದು ಅದನ್ನೇ.

ಬಿಲದ ವಿಷಯವನ್ನು ಎರಡು ಸಲ ಹೇಳಿ ನೋಡಿದೆ. "ಹೋಗ್ಲಿ ಬಿಡು, ಬೇರೆ ಕಡೆ ಮನೆ ಮಾಡ್ಕೊಳ್ಳುತ್ತೆ" ಎಂದ ಬೆವನ್, ಹುಟ್ಟಿದಾಗಿನಿಂದ ಇಲ್ಲೇ ಇದ್ದೂ ಒಂದು ಪ್ಲಾಟಿಪಸ್ಸನ್ನೂ ಕಾಣದವನು. ಅವನ ಬೂಟಿನ ಸದ್ದಿಗೆ ಯಾವ ಪ್ರಾಣಿ ತಾನೇ ನಿಂತೀತು? ಕೊನೆಗೆ ಸಮಿತಿಯ ಸಭೆಯಲ್ಲಿ, ಎಲ್ಲರ ಬಾಯಲ್ಲೂ ನಾನೇ ಮಾಡಿ ಒಯ್ದ ಲ್ಯಾಮಿಂಗ್ಟನ್ ಕೇಕು ಇದ್ದಾಗ, ಎದ್ದು ನಿಂತು ಸತ್ಯ ಹೇಳಿದೆ: ಯಾವ ಚಿತ್ರಗಾರನೂ ಬಂದಿರಲಿಲ್ಲ, ನನ್ನ ಗಂಡ ಸುಳ್ಳು ಹೇಳಿದ್ದ.

"ಛೇ ಛೇ, ಏನ್ ಮಾತಾಡ್ತೀಯಾ ಮೆರ್ಲ್! ಕ್ಲ್ಯಾರಿ ಅಂಥ ಸತ್ಯವಂತ ಈ ಊರಲ್ಲಿ ಇನ್ನೊಬ್ಬ ಹುಟ್ಟಿಲ್ಲ" ಎಂದ ಬೆವನ್. ನಲವತ್ತೊಂದು ವರ್ಷ ಆ ಸತ್ಯವಂತನ ಬಟ್ಟೆ ಒಗೆದವಳು ನಾನು! "ಪಾಪ, ಇನ್ನೂ ಅವನ ಮೇಲೆ ಮುನಿಸು ಹೋಗಿಲ್ಲ" ಎಂದು ಹಾನ್ ನನ್ನ ಬೆನ್ನು ಸವರಿದಳು. ಕ್ಲ್ಯಾರಿಯ ಹೆಸರಿನಲ್ಲಿ ಕಂಚಿನ ಹಲಗೆ ಹಾಕಿಸುವುದೆಂದು ಅಲ್ಲೇ ಚಪ್ಪಾಳೆ ತಟ್ಟಿ ಒಪ್ಪಿದರು.

ಆಗ ನಾನು ಮಾಡಿದ ಕೆಲಸಕ್ಕೆ ತಾವೇ ಹೊಣೆ. ಪರ್ಸಿನಿಂದ ತಮ್ಮನ್ನು ತೆಗೆದು ಮೇಜಿನ ಮೇಲಿಟ್ಟೆ. "ಆಯ್ತಪ್ಪಾ, ನಿಜ ಹೇಳ್ಬಿಡ್ತೀನಿ. ಚಿತ್ರ ಬರೆದದ್ದು ಹೌದು, ಆದ್ರೆ ಮಡುವಲ್ಲಲ್ಲ. ಹೆದ್ದಾರಿ ಪಕ್ಕ, ಜಾತ್ರೆ ಮೈದಾನದ ಪಾಯಖಾನೆ ಹಿಂದೆ ನೀರಿನ ಕಟ್ಟೆ ಇದೆಯಲ್ಲ, ಅಲ್ಲಿ. ನೋಡ್ಕೊಳ್ಳಿ, ಅಲೆ ಸುತ್ತ ಸುತ್ತ ಹೋಗಿದೆ. ಹರಿಯೋ ನೀರಲ್ಲಿ ಹಾಗಾಗುತ್ತಾ? ಇದು ನಿಂತ ನೀರು" ಎಂದೆ. ಒಂಬತ್ತು ಜನರೂ ಜೇಬು ತಡಕಿ, ಕನ್ನಡಕ ಏರಿಸಿ, ತಮ್ಮನ್ನು ದಿಟ್ಟಿಸಿದರು. ಆಮೇಲೆ ಬೆವನ್, "ಹೌದಲ್ರೋ! ನಾನು ಮೊದ್ಲಿಂದ ಬಡ್ಕೋತಾ ಇರ್ಲಿಲ್ವಾ, ಕಟ್ಟೇನೇ ಅಂತ?" ಎಂದ. ನಾಣ್ಯ ಹೆದ್ದಾರಿಗೆ ಹೋಯಿತು, ಬಿಲ ಉಳಿಯಿತು.

ಇನ್ನು ನನ್ನ ಬೇಡಿಕೆಗಳು. ಮುಂದಿನ ಸಲ ಅಚ್ಚಿಗೆ ಹೋಗುವಾಗ ತಮ್ಮ ಹುಟ್ಟೂರು, ಮನೆ ನಂಬರು, ಚಿತ್ರಕ್ಕೆ ಕೂತ ದಿನಾಂಕ ಇಷ್ಟನ್ನೂ ಬಾಲದ ಮೇಲೆ ಬರೆಸಿಕೊಳ್ಳಬೇಕು. ಆಗದಿದ್ದರೆ, ಬೆವನ್ ನಾಣ್ಯವನ್ನು ಕೈಗೆತ್ತಿಕೊಂಡ ತಕ್ಷಣ ಮುಳುಗಿ ಮರೆಯಾಗುವ ಕೃಪೆ ಮಾಡಬೇಕು. ಜಾಮ್ ಸ್ಪರ್ಧೆಯಲ್ಲಿ ಸ್ವಂತ ತಂಗಿಗೇ ಬಹುಮಾನ ಕೊಡದ ತೀರ್ಪುಗಾರ್ತಿ ನಾನು, ನನ್ನ ಮೊದಲ ಸುಳ್ಳಿನ ಅರ್ಧ ಪಾಪವನ್ನಾದರೂ ತಾವು ಹೊರಬೇಕು.

ಇದನ್ನೆಲ್ಲ ಬಹಿರಂಗವಾಗಿ ಬರೆದು ಬೇಕರಿಯ ಗೋಡೆಗೆ ಅಂಟಿಸುತ್ತಿದ್ದೇನಲ್ಲ, ಗುಟ್ಟು ರಟ್ಟಾಗದೇ ಎಂದು ತಾವು ಗಾಬರಿಯಾಗಬೇಡಿ. ನಿಜ ಬರೆದಿದ್ದೇನೆ, ನಮ್ಮೂರಲ್ಲಿ ಯಾರೂ ನಂಬುವುದಿಲ್ಲ.

ಚಿಲ್ಲರೆ ಇರುವವರೆಗೂ ತಮ್ಮ ವಿಶ್ವಾಸಿ,
ಮೆರ್ಲ್ ಕ್ವಿಗ್ಲಿ

ಮರೆತ ಮಾತು: ಕಂಚಿನ ಹಲಗೆ ಬಂದಿದೆ. 'ಕಣ್ಣಾರೆ ಕಂಡವರು: ಕ್ಲ್ಯಾರಿ ಕ್ವಿಗ್ಲಿ ಮತ್ತು ಅವರ ಸತ್ಯಸಂಧ ಪತ್ನಿ ಮೆರ್ಲ್' ಎಂದು ಕೆತ್ತಿಸಿದ್ದಾರೆ. ಬದುಕಿದ್ದಷ್ಟೂ ದಿನ ಸುಳ್ಳ ಎಂದು ನಾನು ಬೈದವನ ಪಕ್ಕದಲ್ಲೇ ನನ್ನನ್ನೂ ತಾವು ಕೂರಿಸಿದ್ದೀರಿ. ಸಂಜೆ ದೋಣಿಯ ಮೇಲೆ ಕೂತು ಅವನಿಗೆ ಈ ಸುದ್ದಿ ಹೇಳಿ ಅಳು ಬರುವಷ್ಟು ನಕ್ಕೆ. ಆಗಲೇ ಬಿಲದ ಆಕೆಯೂ ನೀರಿನಿಂದ ಒಂದು ಕ್ಷಣ ತಲೆಯೆತ್ತಿ ಹೋದಳು. ಶನಿವಾರ ಉದ್ಘಾಟನೆ. ತಾವು ಮಾತ್ರ ಖುದ್ದಾಗಿ ಬರಬೇಡಿ, ಬೆವನ್ ನೋಡಿದರೆ ಕೊಕ್ಕನ್ನು ಎಲ್ಲಿ ಹೊಲಿಸಿದಿರಿ ಎಂದು ಕೇಳುತ್ತಾನೆ.