ಮೀನೋ ಬೂಟೋ

ಸ್ಪರ್ಧೆಯ ನಿಯಮ ಒಂದೇ ಸಾಲಿನದು: ಮೀನು ಹಿಡಿಯುವ ಆಟವನ್ನು ತೀರ್ಪುಗಾರರಿಗೆ ತೋರಿಸುವ ನೇರ ಪ್ರಸಾರ ಒಂದು ಗಂಟೆ ಎಲ್ಲೂ ನಿಲ್ಲಬಾರದು, ನಿಂತರೆ ಔಟ್. ಕನ್ನಡಕದಂಗಡಿಯವನ ನೆಮ್ಮದಿ ಕೆಡಿಸಲು ಅಷ್ಟೇ ಸಾಕಾಯಿತು.

ಕಂಪ್ಯೂಟರಿನಲ್ಲಿ ಗಾಳ ಹಾಕುವುದರಲ್ಲಿ ಅವನದು ಎತ್ತಿದ ಕೈ. ಆದರೂ ಹಿಂದಿನ ಎರಡು ಸ್ಪರ್ಧೆಯಲ್ಲೂ ಪ್ರಸಾರ ನಡುವೆ ನಿಂತು ಹೊರಬಿದ್ದಿದ್ದ. ಎಂಥ ಅನ್ಯಾಯ ನೋಡಿ! ಇವತ್ತು ಬೆಳಿಗ್ಗೆ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: “ಈ ಸಲಾನೂ ಸೋತ್ರೆ ಆ ಕಂಪ್ಯೂಟರ್ ನನ್ನ ತಮ್ಮನ ಮನೆಗೆ.”

ಆ ತಮ್ಮನೇ ಅಂಗಡಿಯಲ್ಲಿ ಕೂತು ಸಲಹೆ ಕೊಡುತ್ತಿದ್ದ. “ಭಾವ, ಕ್ವಾಲಿಟಿ 1080 ಇಡಿ. ಸೆಕೆಂಡಿಗೆ ಅರವತ್ತು ಫ್ರೇಮ್. ಚಿತ್ರ ಕನ್ನಡಿ ಇದ್ದಂಗಿರ್ಬೇಕು.”

ಇಟ್ಟ. ಪರೀಕ್ಷೆಗೆ ಬಿಟ್ಟ ಪ್ರಸಾರ ಎರಡೇ ನಿಮಿಷಕ್ಕೆ ಕೈಕೊಟ್ಟಿತು. 720ಕ್ಕೆ ಇಳಿಸಿದ. ಗೂಡ್ಸ್ ಗಾಡಿಯ ಹಾಗೆ ನಿಂತು ನಿಂತು ಹೊರಟಿತು.

“ಬಿಟ್‌ರೇಟ್ ಏರಿಸಿ ನೋಡಿ ಭಾವ.”

“ಸಾಕು ಮಾಡಪ್ಪಾ ನಿನ್ನ ಉಪದೇಶ. ಇಲಿ ನುಗ್ಗೋದೇ ಕಷ್ಟ ಈ ಲೈನಲ್ಲಿ, ನೀನು ಆನೆ ನುಗ್ಸು ಅಂತೀಯ.”

ಸಿಟ್ಟಿನಲ್ಲಿ ಕಂಡಕಂಡ ಅಂಕಿಯನ್ನೆಲ್ಲ ತಳಕ್ಕೆ ಇಳಿಸಿದ: 240, ಹದಿನೈದು ಫ್ರೇಮ್, ಬಿಟ್‌ರೇಟ್ ಕನಿಷ್ಠ. ಪ್ರಸಾರ ಎಣ್ಣೆ ಹಾಕಿದಂತೆ ಸಾಗಿತು.

ಸ್ಪರ್ಧೆ ಶುರುವಾದಾಗ ಪಕ್ಕದ ಟೈಲರ್ ಹೊಸ ಕನ್ನಡಕ ಒಯ್ಯಲು ಬಂದ. ಹಾಕಿಕೊಂಡು, ಬೆಂಚಿನ ಮೇಲೆ ಕೂತು, ತನ್ನ ಫೋನಿನಲ್ಲಿ ಇದೇ ಪ್ರಸಾರ ತೆರೆದ.

“ಏನ್ರೀ ಇದು, ಎಲ್ಲಾ ಮಸುಕು ಮಸುಕು.”

ಕನ್ನಡಕದವನ ಮೈಯೆಲ್ಲ ಉರಿದುಹೋಯಿತು. ತನ್ನ ಪರದೆಯಲ್ಲಿ ನೀರಿನ ಗುಳ್ಳೆ ಕೂಡ ಎಣಿಸುವಷ್ಟು ನಿಚ್ಚಳ. ಇಪ್ಪತ್ತು ವರ್ಷದಲ್ಲಿ ಅವನ ಕನ್ನಡಕ ಮಸುಕು ಅಂದವರೇ ಇಲ್ಲ. ಒಂದು ಕೈ ಗಾಳದ ಮೇಲಿಟ್ಟೇ, ಇನ್ನೊಂದು ಕೈಯಲ್ಲಿ ಟೈಲರ್ ಕಣ್ಣಿಗೆ ಬೇರೆ ಬೇರೆ ಗಾಜು ಹಿಡಿದ.

“ಈಗ?”

“ಮಸುಕು.”

“ಇದು?”

“ಇನ್ನೂ ಮಸುಕು.”

“ಹಾಗಾದ್ರೆ ನಿಮ್ಗೆ ಪೊರೆ ಬಂದಿದೆ. ಡಾಕ್ಟ್ರಿಗೆ ತೋರಿಸ್ಕೊಳ್ಳಿ. ನನ್ನ ಕೆಲಸಕ್ಕೆ ಹೆಸರಿಡ್ಬೇಡಿ.”

“ಬೆಳಿಗ್ಗೆ ತಾನೇ ಹಳೇ ಕನ್ನಡಕದಲ್ಲೇ ಸೂಜಿಗೆ ದಾರ ಪೋಣಿಸಿದೀನಿ,” ಎಂದು ಗೊಣಗುತ್ತ ಟೈಲರ್ ಆಸ್ಪತ್ರೆಯ ಕಡೆ ನಡೆದ.

ಕೊನೆಯ ನಿಮಿಷದಲ್ಲಿ ಗಾಳ ಜಗ್ಗಿತು. ಮೂವತ್ತೆರಡು ಕಿಲೋ ಮೀನು! ಪ್ರಸಾರ ಒಂದು ಕ್ಷಣವೂ ನಿಂತಿರಲಿಲ್ಲ. ಕನ್ನಡಕದವ ಕೂಡಲೇ ಹೆಂಡತಿಗೆ ಫೋನ್ ಮಾಡಿ, “ಕಂಪ್ಯೂಟರ್ ಎಲ್ಲಿಗೂ ಹೋಗಲ್ಲ,” ಎಂದ.

ಸಂಜೆ ತೀರ್ಪು ಬಂತು. ಭಾವಮೈದ ಓದಿದ: “ನಿಮ್ಮ ಪ್ರಸಾರ ಎಲ್ಲರಿಗಿಂತ ಸ್ಥಿರವಾಗಿತ್ತು, ಅಭಿನಂದನೆ. ಆದರೆ ನೀವು ಎತ್ತಿದ್ದು ಮೀನೋ ಹಳೇ ಬೂಟೋ ನಮಗೆ ಗುರುತು ಸಿಗಲಿಲ್ಲ. ಬೂಟು ಎಂದು ಬರೆದುಕೊಂಡಿದ್ದೇವೆ. ಬೂಟಿಗೆ ಅಂಕವಿಲ್ಲ.”

“ಅವರಿಗೇನು ಕಣ್ಣು ಕುರುಡಾ?”

ಭಾವಮೈದ ತನ್ನ ಫೋನಿನಲ್ಲಿ ಆ ಪ್ರಸಾರ ಹಚ್ಚಿ ಮುಂದೆ ಹಿಡಿದ. ಕನ್ನಡಕದವ ನೋಡಿದ. ತನ್ನ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಪರದೆಯ ತುಂಬ ಬರೀ ಗಂಜಿ.

“ಕಂಪ್ಯೂಟರ್ ವೈರು ನಾನೇ ಬಿಚ್ಚಲಾ ಭಾವ?”

ಅಷ್ಟರಲ್ಲಿ ಟೈಲರ್ ಬಾಗಿಲಿಗೆ ಬಂದು, ಹೊಸ ಕನ್ನಡಕವನ್ನು ಮೇಜಿನ ಮೇಲಿಟ್ಟ.

“ನನ್ನ ಕಣ್ಣು ಗಟ್ಟಿಯಾಗಿದೆ ಅಂದ್ರು ಡಾಕ್ಟ್ರು. ಪೊರೆ ಅಂದೋರನ್ನ ಒಂದ್ಸಲ ಕಳಿಸಿಕೊಡಿ, ಅವ್ರ ಕಣ್ಣು ನೋಡ್ಬೇಕು ಅಂದ್ರು.”