ಎರಡು ಯಂತ್ರ, ಒಂದೇ ನಂಬರು

ಸಿಟ್ಟು ಮಾಡಿಕೊಳ್ಳಬಾರದು ಎಂದು ಉಪದೇಶ ಮಾಡುವವರನ್ನು ಕಂಡರೇ ನನಗೆ ಸಿಟ್ಟು ಬರುತ್ತದೆ. ಅವರ ಕಚೇರಿಗೆ ಕಂಪ್ಯೂಟರ್ ಬಂದಿರುವುದಿಲ್ಲ, ಅದಕ್ಕೇ ಅಷ್ಟು ಶಾಂತವಾಗಿರುತ್ತಾರೆ. ಆದವಾನಿಯ ನಮ್ಮ ಹತ್ತಿ ಗಿರಣಿಗೆ ಎಂಬತ್ತರ ದಶಕದ ಕೊನೆಯಲ್ಲಿ ಎರಡು ಬಂದವು. ಒಂದು ಕಚೇರಿಯಲ್ಲಿ, ಇನ್ನೊಂದು ಅಂಗಳದಾಚೆಯ ತೂಕದ ಮನೆಯಲ್ಲಿ, ನಡುವೆ ಉದ್ದಕ್ಕೂ ಒಂದು ಕರಿ ತಂತಿ. ಅಲ್ಲಿ ಹತ್ತಿ ತೂಗಿದರೆ ಇಲ್ಲಿ ಪರದೆಯ ಮೇಲೆ ತೂಕ ಮೂಡಬೇಕು. ಈ ವೈಭವದ ಹೊಣೆಯನ್ನೆಲ್ಲ ನನ್ನ ತಲೆಗೆ ಕಟ್ಟಿದರು. ಇಂಗ್ಲಿಷ್ ಟೈಪಿಂಗ್ ಹೈಯರ್ ಪಾಸಾಗಿದ್ದೇ ನಾನು ಮಾಡಿದ್ದ ತಪ್ಪು.

ಹೈದರಾಬಾದಿನಿಂದ ಬಂದ ಎಂಜಿನಿಯರು ಎರಡೂ ಯಂತ್ರಗಳ ಹೊಟ್ಟೆಯೊಳಗೆ ಒಂದೊಂದು ಹಸಿರು ಕಾರ್ಡು ಕೂಡಿಸಿ, ತಂತಿ ಸಿಕ್ಕಿಸಿದ. ಕಾರ್ಡಿನ ಮೇಲೆ ಅಕ್ಕಿಕಾಳಿನಷ್ಟು ಸಣ್ಣ ಸ್ವಿಚ್ಚುಗಳ ಸಾಲು. ಯಾವುದು ಮೇಲೆ, ಯಾವುದು ಕೆಳಗೆ ಎನ್ನುವುದರ ಮೇಲೆ ಆ ಯಂತ್ರಕ್ಕೊಂದು ನಂಬರು. ಸಂಜೆಗೆ ಎರಡೂ ಸೊಗಸಾಗಿ ಮಾತಾಡಿಕೊಂಡವು. ಎಂಜಿನಿಯರು ರೈಲು ಹತ್ತಿದ. ಮರುದಿನ ಬೆಳಗ್ಗೆ ನಾನು ಬಂದು ನೋಡಿದರೆ ಒಂದು ಇನ್ನೊಂದರ ಮುಖ ನೋಡುತ್ತಿಲ್ಲ.

ಬರಬಾರದ ದಿನವೇ ಈ ಪೀಡೆ ಬಂದಿತ್ತು. ಮಾರನೆಯ ಬೆಳಗ್ಗೆ ಆಲೂರಿನಲ್ಲಿ ನನ್ನ ತಂಗಿಯ ಮಗಳ ಮದುವೆ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ತಂಗಿಗೆ ಇರುವವನು ನಾನೊಬ್ಬನೇ ಅಣ್ಣ. ಹೆಂಡತಿ ಮಕ್ಕಳು ಆಗಲೇ ಹೋಗಿದ್ದರು. ಸಂಜೆ ಐದರ ಬಸ್ಸು ತಪ್ಪಿದರೆ ಮುಹೂರ್ತವೂ ತಪ್ಪಿದಂತೆ. ಮ್ಯಾನೇಜರಿಗೆ ಕೈಮುಗಿದು ಹೇಳಿದೆ. ಅವರು ತಲೆ ಎತ್ತಲಿಲ್ಲ.

“ಏಮಯ್ಯಾ ಆಚಾರೀ, ನಾಳಿ ಸಾವುಕಾರ್ರು ನೋಡಾಕ ಬರ್ತಾರ. ಅವೆರಡೂ ಮಾತಾಡೋ ತನಕಾ ನೀ ಇಲ್ಲಿಂದ ಕದಲಂಗಿಲ್ಲ.”

ಹಲ್ಲು ಕಡಿಯುತ್ತ, ಕಾರ್ಡಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ತೆರೆದೆ. ಅದನ್ನು ಬರೆದವನು ಕೈಗೆ ಸಿಕ್ಕಿದ್ದರೆ ಅದರಿಂದಲೇ ಬಾರಿಸುತ್ತಿದ್ದೆ. ಪುಟಗಟ್ಟಲೆ ತಾನು ಎಷ್ಟು ಒಳ್ಳೆಯ ಕಾರ್ಡು ಎಂದು ಕಾರ್ಡೇ ಹೊಗಳಿಕೊಂಡಿತ್ತು. ಕೊನೆಗೆ, ಸಂಶಯವಿದ್ದರೆ ನಿಮ್ಮ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರನ್ನು ಕೇಳಿರಿ ಎಂದಿತ್ತು. ವಿಭಾಗವೂ ನಾನೇ, ಮುಖ್ಯಸ್ಥನೂ ನಾನೇ. ಕೇಳಿದೆ. ಆ ಮಹಾಶಯನಿಗೂ ಗೊತ್ತಿರಲಿಲ್ಲ. ಊಟಕ್ಕೂ ಏಳದೆ ಹುಡುಕಿದ ಮೇಲೆ ಒಂದು ಮೂಲೆಯಲ್ಲಿ ಸಿಕ್ಕಿತು: ಒಂದೇ ತಂತಿಯ ಮೇಲೆ ಎರಡು ಯಂತ್ರಗಳಿಗೆ ಒಂದೇ ನಂಬರು ಇರಕೂಡದು. ಒಂದೇ ಮನೆ ನಂಬರಿನ ಎರಡು ಮನೆಗಳಿದ್ದರೆ ಪೋಸ್ಟಿನವನು ಏನು ಮಾಡಿಯಾನು? ಮುಚ್ಚಳ ಬಿಚ್ಚಿ ನೋಡಿದೆ. ಕಾರ್ಡಿಗೆ ಕುಂಕುಮ! ಅಲ್ಲಿಯೂ ಕುಂಕುಮ, ಇಲ್ಲಿಯೂ ಕುಂಕುಮ, ಎರಡರ ಸ್ವಿಚ್ಚುಗಳೂ ಅಚ್ಚು ಹೊಡೆದಂತೆ ಒಂದೇ ತರಹ.

ತೂಕದ ಮನೆಯ ಈರಣ್ಣನನ್ನು ಕೂಗಿದೆ. ನನ್ನ ಓರಗೆಯವನು, ಲಾರಿಯಿಂದ ತಕ್ಕಡಿಯವರೆಗೆ ಹೊಸದೇನು ಬಂದರೂ ಪೂಜೆ ಅವನದೇ.

“ಬೆಳಿಗ್ಗೆ ಪೂಜಿ ನಾನಾ ಮಾಡೀನ್ರಿ ಆಚಾರ್ರ. ಮ್ಯಾಲಿನ ಡಬ್ಬಿಗೆ ಹಚ್ಚಿದ್ರ ಡಬ್ಬಿಗೆ ಪೂಜಿ ಆಗ್ತೈತಿ. ಲಾರಿಗೂ ಬಾನೆಟ್ ತೆಗೆದಾ ಮಾಡ್ತೀವಲ್ರಿ?”

“ಸ್ವಿಚ್ಚು ಯಾಕೆ ಮುಟ್ಟಿದಿ?”

“ಅದರಾಗ ಒಂದು ನಮೂನಿ, ಇದರಾಗ ಒಂದು ನಮೂನಿ ಇದ್ವುರಿ. ಎರಡೂ ಒಂದಾ ಮನಿಗೆ ಬಂದಾವು, ಭೇದ ಯಾಕಂತ ಸಮ ಮಾಡೀನಿ.”

ನನ್ನ ನೆತ್ತಿಯಲ್ಲಿ ಏನೋ ಸಿಡಿಯಿತು. ಉಗುರಿನಿಂದ ಒಂದು ಸ್ವಿಚ್ಚು ಮೇಲೆತ್ತಿ, ಮುಚ್ಚಳ ಹಾಕಿ, ಯಂತ್ರ ಚಾಲೂ ಮಾಡಿದೆ. ಕಚೇರಿಯ ಪರದೆಯ ಮೇಲೆ ತೂಕ ಮೂಡಿತು. ಆಗಿನ್ನೂ ನಾಲ್ಕು ಗಂಟೆ. ಚೀಲ ಹೆಗಲಿಗೆ ಹಾಕಿದೆ. ಆದರೆ ಇಷ್ಟು ಅನ್ಯಾಯವಾದ ಮೇಲೆ ಸುಮ್ಮನೆ ಹೋಗುವುದು ಹೇಗೆ? ಎರಡು ಮಾತು ಅಂದೇ ಹೋಗೋಣ ಎಂದು ಈರಣ್ಣನ ಕಡೆ ತಿರುಗಿದೆ. ಈರಣ್ಣನಿಂದ ಎಂಜಿನಿಯರಿಗೆ ಹೋದೆ, ಅಲ್ಲಿಂದ ಪುಸ್ತಕ ಬರೆದವನ ವಂಶಕ್ಕೆ. ಮ್ಯಾನೇಜರ ಕೋಣೆಯ ಬಾಗಿಲು ತೆರೆದಿದ್ದರಿಂದ ಅವರನ್ನು ಮಾತ್ರ ಹೆಸರೆತ್ತದೆ ಬೈದೆ. ಅಷ್ಟು ಸ್ವಚ್ಛವಾಗಿ, ತಡವರಿಸದೆ ನಾನು ಎಂದೂ ಮಾತಾಡಿರಲಿಲ್ಲ. ಹಮಾಲರೂ ಕೆಲಸ ಬಿಟ್ಟು ಬಂದು ನಿಂತರು. ಕೇಳುವವರಿದ್ದಾರೆಂದು ಮೊದಲಿನಿಂದ ಇನ್ನೊಮ್ಮೆ ಹೇಳಿದೆ.

“ಆಚಾರ್ರ, ಬಸ್ಸು…” ಎಂದ ಈರಣ್ಣ.

“ನಡುವೆ ಬಾಯಿ ಹಾಕಬ್ಯಾಡ!”

“ಅಲ್ರೀ, ಬಸ್ಸು…”

“ತಪ್ಪು ಮಾಡಿ ಎದುರು ಮಾತಾಡ್ತೀಯಾ?”

ಅವನು ಪಾಪ ಬಾಯಿ ಮುಚ್ಚಿಕೊಂಡು, ನಾನು ದಣಿಯುವವರೆಗೂ ನಿಂತಿದ್ದ. ನಾನು ಬಸ್ ಸ್ಟ್ಯಾಂಡಿಗೆ ಓಡುವಷ್ಟರಲ್ಲಿ ಆಲೂರಿನ ಬಸ್ಸು ಹೊರಟುಹೋಗಿತ್ತು.

ಬೆಳಗಿನ ಮೊದಲ ಬಸ್ಸಿಗೆ ಹೋಗಿ ಇಳಿದಾಗ ಅಕ್ಷತೆ ಬಿದ್ದಾಗಿತ್ತು. ಪಕ್ಕದ ಮನೆಯ ಶೆಟ್ಟರು ಸೋದರಮಾವನಾಗಿ ನಿಂತು ಹುಡುಗಿಯನ್ನು ಕರೆತಂದಿದ್ದರು. ಅವಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು.

“ಯಾಕ ಮಾಮಾ, ಕೆಲಸ ಮುಗಿಲಿಲ್ಲೇನು?”

ದಾರಿಯುದ್ದಕ್ಕೂ ತಪ್ಪನ್ನು ಯಾರ ಮೇಲೆ ಹಾಕಬೇಕೆಂದು ಹೆಸರು ಜೋಡಿಸಿಕೊಂಡು ಬಂದಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

“ಕೆಲಸ ನಾಲ್ಕಕ್ಕೇ ಮುಗೀತವ್ವಾ,” ಎಂದೆ. “ಬೈಯೋದು ಮುಗೀಲಿಲ್ಲ.”